ಹಸೆಗಾವ ತೋಹಾಕು: ಪಾಳೆಯಗಾರರ ಕಾಲದ ಒಬ್ಬ ಚಿತ್ರಕಾರ

ಜಪಾನಿನ ಚಿತ್ರಕಾರ ಹಸೆಗಾವ ತೋಹಾಕು 1539ರಲ್ಲಿ ನೋಟೊ ಪ್ರಾಂತದ ನಾನಾಓ ಎಂಬ ಕಡಲ ತಡಿಯ ಊರಿನಲ್ಲಿ ಹುಟ್ಟಿ, 1610ರಲ್ಲಿ ಇಡೋ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ತೀರಿಕೊಂಡ. ಅವನು ಹುಟ್ಟಿದಾಗ ದೇಶಕ್ಕೆ ಒಡೆಯನೆನ್ನುವವನು ಹೆಸರಿಗಷ್ಟೇ ಇದ್ದ. 1467ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ಓನಿನ್ ಯುದ್ಧ ರಾಜಧಾನಿ ಕ್ಯೋಟೊವನ್ನು ಸುಟ್ಟುಹಾಕಿದ ಮೇಲೆ ಚಕ್ರವರ್ತಿಯ ಹೆಸರಿನಲ್ಲಿ ಆಳುತ್ತಿದ್ದ ಸೇನಾಧಿಪತಿಗಳಾದ ಅಶಿಕಾಗ ಮನೆತನದ ಶೋಗನ್‌ಗಳ ಮಾತಿಗೆ ರಾಜಧಾನಿಯಾಚೆ ಬೆಲೆ ಉಳಿದಿರಲಿಲ್ಲ. ಪ್ರಾಂತಗಳನ್ನು ಆಳುತ್ತಿದ್ದವರು ದೈಮ್ಯೊಗಳು. ನಮ್ಮ ಪಾಳೆಯಗಾರರಂತೆ ಕೋಟೆ, ಪಡೆ, ಕಂದಾಯ ಮೂರನ್ನೂ ತಮ್ಮ ಕೈಯಲ್ಲಿಟ್ಟುಕೊಂಡವರು. ತೋಹಾಕು ಸಾಯುವ ಹೊತ್ತಿಗೆ ಓಡಾ ನೊಬುನಾಗ, ತೊಯೊತೊಮಿ ಹಿದೆಯೋಶಿ ಎಂಬ ಇಬ್ಬರು ಮಹಾದಂಡನಾಯಕರು ಬಂದು ಹೋಗಿದ್ದರು. ಮೂರನೆಯವನಾದ ತೊಕುಗಾವ ಇಎಯಾಸು 1603ರಲ್ಲಿ ಶೋಗನ್ ಪದವಿಗೇರಿ, ಎರಡೂವರೆ ಶತಮಾನ ಬಾಳಲಿದ್ದ ಆಳ್ವಿಕೆಗೆ ಅಡಿಪಾಯ ಹಾಕಿದ್ದ.

ಜನಪ್ರಿಯ ಬರಹಗಳಲ್ಲಿ ತೋಹಾಕುವನ್ನು ಎರಡಾಗಿ ಸೀಳಿ ತೋರಿಸುವುದು ರೂಢಿ. ಚಿನ್ನದ ರೇಕಿನ ಮೇಲೆ ಝಗಝಗಿಸುವ ಮರಗಳನ್ನು ಬರೆದವನು ಹಿದೆಯೋಶಿಯ ಸೇವಕ; ಮಂಜಿನಲ್ಲಿ ಕರಗುವ ಪೈನ್ ಮರಗಳನ್ನು ಬರಿಯ ಮಸಿಯಲ್ಲಿ ಬರೆದವನು ಮಗನನ್ನು ಕಳೆದುಕೊಂಡ ತಂದೆ, ನಿಜವಾದ ತೋಹಾಕು. ಕೇಳಲು ಮನಮುಟ್ಟುವ ಈ ಚಿತ್ರಣವನ್ನು ಅವನ ಬದುಕಿನ ದಾಖಲೆಗಳು ಸಮರ್ಥಿಸುವುದಿಲ್ಲ. ತೋಹಾಕುವನ್ನು ಬೆಳೆಸಿದ್ದು ಪಾಳೆಯಗಾರರ ಚಿನ್ನವೂ ಅಲ್ಲ, ಒಂಟಿ ದುಃಖವೂ ಅಲ್ಲ. ಬಣ್ಣದ ಕಸುಬಿನ ಮನೆ, ಒಂದು ಬೌದ್ಧ ಪಂಥದ ದೇವಾಲಯಗಳು, ವ್ಯಾಪಾರಿ ಪಟ್ಟಣಗಳು, ಚಹಾ ಗುರುಗಳು ಮತ್ತು ಜೆನ್ ಮಠಗಳು ಅವನನ್ನು ಬೆಳೆಸಿದವು. ಹಳೆಯ ಅಧಿಕಾರ ಕುಸಿದಿದ್ದರಿಂದ ಅಂಥವನಿಗೆ ರಾಜಧಾನಿಯ ಬಾಗಿಲು ತೆರೆಯಿತು ಎನ್ನುವುದು ನಿಜ. ಆದರೆ ಅವನು ಆ ಬಾಗಿಲವರೆಗೆ ನಡೆದು ಬಂದದ್ದು ದಂಡನಾಯಕರ ಕೈ ಹಿಡಿದಲ್ಲ.

ತೋಹಾಕುವಿನ ಹೆತ್ತವರದು ಒಕುಮುರ ಮನೆತನ, ನೋಟೊ ಪ್ರಾಂತವನ್ನು ಆಳುತ್ತಿದ್ದ ಹತಕೆಯಾಮ ದೊರೆಗಳ ಕೆಳಗಿನ ಕಿರಿಯ ಯೋಧ ಮನೆತನ. ಎಳೆಯದರಲ್ಲೇ ಅವನನ್ನು ಹಸೆಗಾವ ಎಂಬ ಮನೆಗೆ ದತ್ತು ಕೊಟ್ಟರು. ಬಟ್ಟೆಗೆ ಬಣ್ಣ ಹಾಕುವುದು ಆ ಮನೆಯ ಕಸುಬು. ಬೌದ್ಧ ಚಿತ್ರಗಳನ್ನು ಬರೆಯುವುದೂ ಅಲ್ಲಿ ಬಳಕೆಯಲ್ಲಿತ್ತು. ಬಣ್ಣ ಅರೆಯುವುದು, ಅಂಟಿನ ಹದ, ಬಟ್ಟೆಯ ಮೇಲೆ ನೀರು ಹರಡುವ ಬಗೆ, ಇವು ಅವನಿಗೆ ಗುರುಕುಲದಲ್ಲಿ ಕಲಿತ ವಿದ್ಯೆಗಿಂತ ಮೊದಲೇ ಮನೆಯಲ್ಲಿ ಕೈಗೆ ಹತ್ತಿದ ಕೆಲಸ. ಹಸೆಗಾವ ಮನೆಯವರು ನಿಚಿರೆನ್ ಪಂಥದವರು. ಸದ್ಧರ್ಮಪುಂಡರೀಕ ಸೂತ್ರವೊಂದನ್ನೇ ಪರಮ ಪ್ರಮಾಣವೆಂದು ನಂಬುವ ಈ ಪಂಥಕ್ಕೆ ಕುಶಲಕರ್ಮಿಗಳಲ್ಲಿ ಮತ್ತು ವ್ಯಾಪಾರಿಗಳಲ್ಲಿ ಆಳವಾದ ಬೇರಿತ್ತು. ಅವನ ಮುಂದಿನ ಬದುಕನ್ನು ನಿರ್ಧರಿಸಿದ ಸಂಗತಿ ಇದು.

ಯೌವನದಲ್ಲಿ ಅವನು ನೊಬುಹಾರು ಎಂಬ ಹೆಸರಿನಲ್ಲಿ ಊರ ಸುತ್ತಲಿನ ದೇವಾಲಯಗಳಿಗೆ ಚಿತ್ರ ಬರೆಯುತ್ತಿದ್ದ. 1564ರಲ್ಲಿ ಬರೆದ ಹನ್ನೆರಡು ದೇವತೆಗಳ ಚಿತ್ರಮಾಲೆ ಉಳಿದುಬಂದಿದೆ. ಇಂದ್ರ, ಅಗ್ನಿ, ಯಮ, ವರುಣ, ವಾಯು ಮುಂತಾಗಿ ನಮ್ಮ ದೇವಾಲಯಗಳ ಛಾವಣಿಗಳಲ್ಲಿ ದಿಕ್ಪಾಲಕರಾಗಿ ಕೂತವರೇ ಬೌದ್ಧಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋಗಿ ಈ ಹನ್ನೆರಡರಲ್ಲಿ ಸೇರಿದವರು. ಅದೇ ವರ್ಷ ಬರೆದ ನಿಚಿರೆನ್ ಗುರುವಿನ ಚಿತ್ರವೂ ಇದೆ. ರೇಷ್ಮೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಗೆರೆ, ಉಡುಗೆಯ ಪ್ರತಿಯೊಂದು ನೇಯ್ಗೆಯನ್ನೂ ಬಿಡದ ತಾಳ್ಮೆ, ದಟ್ಟ ಬಣ್ಣ: ಇಪ್ಪತ್ತೈದರ ಹುಡುಗನ ಕೈಗೆ ಬೆರಗುಪಡುವಂಥ ಕೆಲಸ. ಮುಂದೆ ಮಸಿಯ ನಾಲ್ಕು ಬೀಸಿನಲ್ಲಿ ಮರ ನಿಲ್ಲಿಸಿದವನ ಬೆನ್ನ ಹಿಂದೆ ಇಷ್ಟು ಸೂಕ್ಷ್ಮದ ಶಿಸ್ತು ಇತ್ತು ಎಂಬುದನ್ನು ಮರೆಯುವಂತಿಲ್ಲ.

1571ರಲ್ಲಿ ಸಾಕುತಂದೆ, ಸಾಕುತಾಯಿ ಇಬ್ಬರೂ ತೀರಿಕೊಂಡರು. ಹೆಂಡತಿಯನ್ನೂ 1568ರಲ್ಲಿ ಹುಟ್ಟಿದ್ದ ಮಗ ಕ್ಯೂಜೋನನ್ನೂ ಕರೆದುಕೊಂಡು ಅವನು ಕ್ಯೋಟೊಗೆ ಹೊರಟ. ಆಗ ಅವನಿಗೆ ಮೂವತ್ತು ದಾಟಿತ್ತು. ಆರು ವರ್ಷಗಳ ನಂತರ, 1577ರಲ್ಲಿ, ಉಎಸುಗಿ ಕೆನ್ಶಿನ್ ಎಂಬ ದೈಮ್ಯೊ ನಾನಾಓ ಕೋಟೆಯನ್ನು ಮುತ್ತಿ ಗೆದ್ದ. ಹತಕೆಯಾಮ ಆಳ್ವಿಕೆ ಮುಗಿಯಿತು. ಊರಿನಲ್ಲೇ ಉಳಿದಿದ್ದರೆ ಅವನ ಆಶ್ರಯವೆಲ್ಲ ಒಂದೇ ಏಟಿಗೆ ಹೋಗುತ್ತಿತ್ತು.

ಕ್ಯೋಟೊದಲ್ಲಿ ಅವನು ಹೋಗಿ ಇಳಿದದ್ದು ಯಾವ ಅರಮನೆಯಲ್ಲೂ ಅಲ್ಲ, ನಿಚಿರೆನ್ ಪಂಥದ ಹೊನ್ಪೋಜಿ ದೇವಾಲಯದ ಒಂದು ಉಪಮಠದಲ್ಲಿ. 1572ರಲ್ಲಿ ಅಲ್ಲಿಯ ಮಠಾಧಿಪತಿ ನಿಚಿಗ್ಯೋನ ಭಾವಚಿತ್ರ ಬರೆದ. ಈ ಪಂಥದ ಬಲ ಎಂಥದೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಓನಿನ್ ಯುದ್ಧದ ನಂತರ ಬೂದಿಯಾದ ಕ್ಯೋಟೊವನ್ನು ಮತ್ತೆ ಕಟ್ಟಿದವರಲ್ಲಿ ನಿಚಿರೆನ್ ಪಂಥದ ಪಟ್ಟಣಿಗರು ಮುಂದಿದ್ದರು. ಬೀದಿಗಳ ಕಾವಲನ್ನೂ ತಾವೇ ನಡೆಸುವಷ್ಟು ಬಲ ಅವರಿಗೆ ಬಂದಿತ್ತು. ಅದನ್ನು ಸಹಿಸದ ಹಿಯೆಯ್ ಬೆಟ್ಟದ ಸನ್ಯಾಸಿ ಪಡೆಗಳು 1536ರಲ್ಲಿ ಆ ಪಂಥದ 21 ದೇವಾಲಯಗಳನ್ನು ಸುಟ್ಟವು. ಓಡಿಹೋದವರಿಗೆ ಸಕಾಯ್ ಎಂಬ ಬಂದರು ಪಟ್ಟಣ ಆಶ್ರಯ ಕೊಟ್ಟಿತು. ಕೆಲವು ವರ್ಷಗಳಲ್ಲಿ ದೇವಾಲಯಗಳು ಕ್ಯೋಟೊಗೆ ಮರಳಿದರೂ ಸಕಾಯ್ ವ್ಯಾಪಾರಿಗಳೊಂದಿಗಿನ ನಂಟು ಉಳಿಯಿತು. ಹೊನ್ಪೋಜಿಯ ಭಕ್ತರಲ್ಲಿ ಕತ್ತಿಗಳಿಗೆ ಹೊಳಪು ಕೊಡುವ, ಅವುಗಳ ಗುಣ ಪರೀಕ್ಷಿಸುವ ಹೊನಾಮಿ ಮನೆತನದವರಿದ್ದರು. ಮುಂದೆ ಈ ಮಠದ ಅಧಿಪತಿಯಾಗಿ ತೋಹಾಕುವಿನ ಆಪ್ತ ಗೆಳೆಯನಾದ ನಿತ್ಸೂ ಸಕಾಯ್ ಪಟ್ಟಣದವನು. ಚಹಾ ಗುರು ಸೆನ್ ನೋ ರಿಕ್ಯೂ ಕೂಡ ಸಕಾಯ್ ವ್ಯಾಪಾರಿ ಮನೆತನದವನೇ. ಪರವೂರಿನ ಚಿತ್ರಕಾರನೊಬ್ಬ ರಾಜಧಾನಿಯಲ್ಲಿ ನೆಲೆಯೂರಿದ್ದು ಈ ಬಲೆಯೊಳಗೆ.

ಆ ಹೊತ್ತಿಗೆ ಕ್ಯೋಟೊದ ಚಿತ್ರಕಲೆಯೆಂದರೆ ಕಾನೋ ಮನೆತನ. ಶೋಗನ್‌ಗಳ ಆಸ್ಥಾನದಲ್ಲಿ ತಲೆಮಾರುಗಳಿಂದ ಬೇರೂರಿ, ದೊಡ್ಡ ಕಾರ್ಯಾಗಾರ ನಡೆಸುತ್ತ, ಗೋಡೆಗಟ್ಟಲೆ ಚಿತ್ರವನ್ನು ಹೇಳಿದ ದಿನಕ್ಕೆ ಮುಗಿಸಿಕೊಡಬಲ್ಲವರು ಅವರು. ಆ ಮನೆಯ ಐತೊಕು 1543ರಲ್ಲಿ ಹುಟ್ಟಿದವನು, ತೋಹಾಕುವಿಗಿಂತ ನಾಲ್ಕು ವರ್ಷ ಚಿಕ್ಕವನು. ನೊಬುನಾಗ 1576ರಲ್ಲಿ ಅಜುಚಿ ಕೋಟೆ ಕಟ್ಟಲು ಆರಂಭಿಸಿದಾಗ ಅದರ ಒಳಾಂಗಣದ ಚಿತ್ರಗಳೆಲ್ಲ ಐತೊಕುವಿನ ಪಾಲಿಗೆ ಬಂದವು. ಕೋಟೆಯ ಒಳಕೋಣೆಗಳು ಕತ್ತಲೆಯವು. ಚಿನ್ನದ ರೇಕು ಹೊದಿಸಿದ ಜಾರುಬಾಗಿಲುಗಳು ಇದ್ದಷ್ಟು ಬೆಳಕನ್ನು ಹಿಡಿದು ಕೋಣೆಗೆ ಹಿಂತಿರುಗಿಸುತ್ತಿದ್ದವು, ಎದುರು ಕೂತ ಅಧೀನ ದೊರೆಗೆ ಒಡೆಯನ ಸಿರಿಯನ್ನೂ ತೋರಿಸುತ್ತಿದ್ದವು. ಇಡೀ ಗೋಡೆಯನ್ನು ಆವರಿಸುವ ಒಂದೇ ಮರದ ಬೃಹತ್ ಕಾಂಡ ಐತೊಕುವಿನ ಕಲ್ಪನೆ. ಅವನ ಬಲದ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಆದರೆ 1582ರಲ್ಲಿ ನೊಬುನಾಗ ತನ್ನದೇ ಸೇನಾನಿಯ ದ್ರೋಹಕ್ಕೆ ಸಿಕ್ಕಿ ಸತ್ತ ಕೆಲವೇ ದಿನಗಳಲ್ಲಿ ಅಜುಚಿ ಸುಟ್ಟುಹೋಯಿತು. ಕಟ್ಟಿ ಮುಗಿದು ಮೂರು ವರ್ಷವಷ್ಟೇ ಆಗಿತ್ತು.

ತೋಹಾಕು ಈ ದೊಡ್ಡ ಕೆಲಸಗಳಿಂದ ದೂರದಲ್ಲೇ ಇದ್ದ. 1570ರ ಮತ್ತು 1580ರ ದಶಕಗಳಲ್ಲಿ ದಾಖಲೆಗಳಲ್ಲಿ ಅವನ ಹೆಸರು ವಿರಳ. ಅವನು ಆ ವರ್ಷಗಳಲ್ಲಿ ಏನು ಕಲಿತ ಎಂಬುದಕ್ಕೆ ನಂತರದ ಚಿತ್ರಗಳೇ ಸಾಕ್ಷಿ. ಚಹಾ ಗೋಷ್ಠಿಗಳಲ್ಲಿ, ಜೆನ್ ಮಠಗಳ ಭಂಡಾರಗಳಲ್ಲಿ ಹಳೆಯ ಚೀನೀ ಚಿತ್ರಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದು ದೈತೊಕುಜಿ ಮಠದಲ್ಲಿದ್ದ, 13ನೆಯ ಶತಮಾನದ ಸನ್ಯಾಸಿ ಮೂಚಿ ಬರೆದ ಮೂರು ನೇತುಚಿತ್ರಗಳು: ನಡುವೆ ಅವಲೋಕಿತೇಶ್ವರ, ಒಂದು ಬದಿಗೆ ಕೊಕ್ಕರೆ, ಇನ್ನೊಂದು ಬದಿಗೆ ಮರಿಯನ್ನು ಅಪ್ಪಿಕೊಂಡ ಗಿಬ್ಬನ್ ಕೋತಿ. ಚೀನಾದ ವಿಮರ್ಶಕರು ಮೂಚಿಯನ್ನು ಒರಟನೆಂದು ಬದಿಗೆ ಸರಿಸಿದ್ದರು; ಜಪಾನಿನ ಚಹಾ ಗುರುಗಳಿಗೆ ಅವನೇ ಶಿಖರ. ತೋಹಾಕು ಆ ಕೋತಿಗಳನ್ನು ಮತ್ತೆ ಮತ್ತೆ ಬರೆದ. ಮೂಚಿಯಿಂದ ಅವನು ಪಡೆದದ್ದು ಆಕಾರಕ್ಕಿಂತ ಹೆಚ್ಚಾಗಿ ತೇವದ ಗಾಳಿ: ಮಸಿಯನ್ನು ನೀರಿನಲ್ಲಿ ತೆಳುಗೊಳಿಸುತ್ತ ಹೋಗಿ, ಬರೆಯದೆ ಬಿಟ್ಟ ಕಾಗದವನ್ನೇ ಮಂಜಾಗಿಸುವ ವಿದ್ಯೆ.

1589ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಅವನ ಹೆಸರು ರಾಜಧಾನಿಯಲ್ಲಿ ಎದ್ದು ನಿಂತಿತು. ರಿಕ್ಯೂ ತನ್ನ ಹಣದಿಂದ ದೈತೊಕುಜಿಯ ಮಹಾದ್ವಾರಕ್ಕೆ ಮೇಲಂತಸ್ತು ಕಟ್ಟಿಸಿ, ಅದರ ಒಳಛಾವಣಿ ಮತ್ತು ಕಂಬಗಳ ಚಿತ್ರಗಳನ್ನು ತೋಹಾಕುವಿಗೆ ವಹಿಸಿದ. ಅದೇ ವರ್ಷ ಅದೇ ಮಠದ ಸಾಂಗೆನ್-ಇನ್ ಎಂಬ ಉಪಮಠದ ಜಾರುಬಾಗಿಲುಗಳ ಮೇಲೆ ಅವನು ನಿಸರ್ಗದೃಶ್ಯ ಬರೆದ. ಮಠಾಧಿಪತಿ ಶುನೊಕು ಸೋಎನ್ ಒಪ್ಪಿರಲಿಲ್ಲವೆಂದೂ, ಅವನು ಊರಲ್ಲಿಲ್ಲದಾಗ ತೋಹಾಕು ನುಗ್ಗಿ ಒಂದೇ ಬೀಸಿಗೆ ಬರೆದು ಮುಗಿಸಿದನೆಂದೂ ಐತಿಹ್ಯ. ಆ ಬಾಗಿಲುಗಳ ಕಾಗದದ ಮೇಲೆ ಅಭ್ರಕದಿಂದ ಪೌಲೋನಿಯಾ ಹೂವಿನ ಲಾಂಛನಗಳು ಮೊದಲೇ ಅಚ್ಚಾಗಿದ್ದವು. ಚಿತ್ರ ಬರೆಯಲು ಯಾರೂ ಆರಿಸಿಕೊಳ್ಳದ ಕಾಗದ ಅದು. ಬೆಟ್ಟ, ಗುಡಿಸಲು, ಮರಗಳನ್ನು ಅದರ ಮೇಲೆ ಬರೆದಾಗ ಬೆಳ್ಳನೆಯ ಲಾಂಛನಗಳು ಬೀಳುವ ಹಿಮದ ಹಳಕುಗಳಂತೆ ಕಾಣತೊಡಗಿದವು. ಆ ಬಾಗಿಲುಗಳು ಈಗಲೂ ಉಳಿದಿವೆ, ಹೆಚ್ಚಿನವು ಕ್ಯೋಟೊದ ಎಂತೊಕು-ಇನ್‌ನಲ್ಲಿ. ಐತಿಹ್ಯವನ್ನು ಹಾಗೆಯೇ ನಂಬಬೇಕಿಲ್ಲ. ಶುನೊಕು ಮುಂದೆ ತೋಹಾಕುವಿನ ಚಿತ್ರಕ್ಕೆ ತಾನೇ ಪ್ರಶಸ್ತಿ ಬರೆದುಕೊಟ್ಟದ್ದನ್ನು ನೋಡಿದರೆ ಅವರ ನಡುವೆ ಹಗೆ ಇರಲಿಲ್ಲ ಎಂಬುದಷ್ಟು ಸ್ಪಷ್ಟ.

ಕಾನೋ ಮನೆತನಕ್ಕೆ ಈ ಹೊಸಬನ ಭಯ ಹತ್ತಿದ್ದಕ್ಕೆ ಗಟ್ಟಿ ದಾಖಲೆಯಿದೆ. 1590ರಲ್ಲಿ ಚಕ್ರವರ್ತಿಯ ಅರಮನೆಯ ಒಂದು ಭಾಗಕ್ಕೆ ಚಿತ್ರ ಬರೆಯುವ ಕೆಲಸ ತೋಹಾಕುವಿನ ಹಸೆಗಾವ ಗುಂಪಿಗೆ ದೊರೆಯುವುದರಲ್ಲಿತ್ತು. ಐತೊಕು ತಮ್ಮನನ್ನೂ ಮಗನನ್ನೂ ಕರೆದುಕೊಂಡು ಆಸ್ಥಾನಿಕ ಕಾಜೂಜಿ ಹರುತೊಯೊನ ಮನೆಗೆ ಹೋಗಿ ದೂರು ಕೊಟ್ಟನೆಂದು ಆ ಆಸ್ಥಾನಿಕನ ದಿನಚರಿಯಲ್ಲಿದೆ. ಕೆಲಸ ಹಸೆಗಾವ ಗುಂಪಿನ ಕೈತಪ್ಪಿತು. ದೇಶದ ಅತಿ ದೊಡ್ಡ ಕಾರ್ಯಾಗಾರದ ಯಜಮಾನ ಒಂದು ಕಟ್ಟಡದ ಕೆಲಸಕ್ಕಾಗಿ ತಾನೇ ಮನೆಬಾಗಿಲಿಗೆ ಹೋಗಿ ಬೇಡಿಕೊಂಡನೆಂದರೆ, ಆ ಹೊತ್ತಿಗೆ ತೋಹಾಕು ಎಷ್ಟು ಬೆಳೆದಿದ್ದನೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಮುಂದಿನ ತಿಂಗಳೇ ಐತೊಕು ಸತ್ತ. ಅವನಿಗಿನ್ನೂ ಐವತ್ತಾಗಿರಲಿಲ್ಲ.

1591ರಲ್ಲಿ ಎರಡು ಸಾವುಗಳು ತೋಹಾಕುವಿನ ದಾರಿಯನ್ನು ತಿರುಗಿಸಿದವು. ವರ್ಷದ ಆರಂಭದಲ್ಲಿ ಹಿದೆಯೋಶಿ ರಿಕ್ಯೂಗೆ ಹೊಟ್ಟೆ ಸೀಳಿಕೊಂಡು ಸಾಯಲು ಆಜ್ಞೆ ಮಾಡಿದ. ಹೊರಿಸಿದ ಆರೋಪಗಳಲ್ಲಿ ಒಂದು, ದೈತೊಕುಜಿಯ ಮಹಾದ್ವಾರದ ಮೇಲಂತಸ್ತಿನಲ್ಲಿ ರಿಕ್ಯೂವಿನ ಮರದ ಪ್ರತಿಮೆ ಇಟ್ಟದ್ದು. ಕೆಳಗೆ ನಡೆದು ಹೋಗುವ ಗಣ್ಯರೆಲ್ಲ ಅವನ ಕಾಲಡಿಯಲ್ಲಿ ಹಾಯಬೇಕಾಗುತ್ತದೆ ಎಂದು. ತೋಹಾಕು ಚಿತ್ರ ಬರೆದದ್ದು ಅದೇ ಅಂತಸ್ತಿಗೆ. ಕೆಲವು ತಿಂಗಳ ಮೇಲೆ ಹಿದೆಯೋಶಿಯ ಎಳೆಯ ಮಗ ತ್ಸುರುಮಾತ್ಸು ತೀರಿಕೊಂಡ. ಆ ಮಗುವಿನ ನೆನಪಿಗೆ ಕಟ್ಟಿದ ಶೋಉನ್ಜಿ ದೇವಾಲಯದ ಚಿತ್ರಗಳೆಲ್ಲ ಹಸೆಗಾವ ಗುಂಪಿಗೆ ಬಂದವು. ಐತೊಕು ಇಲ್ಲವಾಗಿದ್ದರಿಂದ ಕಾನೋ ಮನೆತನ ದುರ್ಬಲವಾಗಿತ್ತು ಎನ್ನುವುದು ಒಂದು ಕಾರಣ.

ಗೆಳೆಯನನ್ನು ಕೊಲ್ಲಿಸಿದವನ ಕೆಲಸವನ್ನು ಚಿತ್ರಕಾರ ಒಪ್ಪಿಕೊಂಡದ್ದು ಓದುಗರನ್ನು ಕಾಡುವುದು ಸಹಜ. ಆದರೆ ಆ ಕಾಲದಲ್ಲಿ ಹಿದೆಯೋಶಿಯ ಕರೆಯನ್ನು ನಿರಾಕರಿಸುವುದೆಂದರೆ ತನ್ನದಷ್ಟೇ ಅಲ್ಲ, ಮಕ್ಕಳ ಮತ್ತು ಶಿಷ್ಯರ ಕುತ್ತಿಗೆಯನ್ನೂ ಒಡ್ಡಿದಂತೆ. ಅವನ ನಿಷ್ಠೆಯನ್ನು ಅಳೆಯಲು ಬೇರೊಂದು ಚಿತ್ರವಿದೆ. 1595ರಲ್ಲಿ, ಹಿದೆಯೋಶಿ ಇನ್ನೂ ಬದುಕಿ ಆಳುತ್ತಿರುವಾಗಲೇ, ರಾಕು ಮಡಕೆಗಳ ಮನೆತನದ ತನಾಕ ಸೋಕೆಯ್‌ಗಾಗಿ ತೋಹಾಕು ರಿಕ್ಯೂವಿನ ಭಾವಚಿತ್ರ ಬರೆದ. ಮೇಲೆ ಪ್ರಶಸ್ತಿ ಬರೆದವನು ಅದೇ ಶುನೊಕು ಸೋಎನ್. ಕಪ್ಪು ಉಡುಗೆ, ಕಪ್ಪು ಟೋಪಿ, ಬಿಗಿದ ತುಟಿ, ಯಾರಿಗೂ ಬಾಗದ ನೋಟ. ದಂಡನೆಗೊಳಗಾಗಿ ಸತ್ತವನನ್ನು ಹೀಗೆ ಗೌರವದಿಂದ ಬರೆಯಲು ಒಬ್ಬ ಕುಂಬಾರ, ಒಬ್ಬ ಸನ್ಯಾಸಿ, ಒಬ್ಬ ಚಿತ್ರಕಾರ ಒಂದಾದದ್ದು ಆ ಪಟ್ಟಣಿಗರ ಬಲೆಯ ಗಟ್ಟಿತನಕ್ಕೆ ಅತಿ ಒಳ್ಳೆಯ ಸಾಕ್ಷಿ.

ಶೋಉನ್ಜಿಗಾಗಿ ತೋಹಾಕು ಬರೆದ ಮೇಪಲ್ ಮರ ಮತ್ತು ಮಗ ಕ್ಯೂಜೋ ಬರೆದ ಚೆರಿ ಮರ ಇಂದು ಜಪಾನಿನ ರಾಷ್ಟ್ರೀಯ ನಿಧಿಗಳು. ಐತೊಕುವಿನಿಂದ ಪಡೆದ ದಪ್ಪ ಕಾಂಡ ಮೇಪಲ್ ಚಿತ್ರದ ನಡುವೆ ಇದೆ. ಆದರೆ ಐತೊಕುವಿನ ಮರ ನೋಡುವವನ ಮೇಲೆ ಏರಿ ಬರುತ್ತದೆ. ತೋಹಾಕುವಿನ ಮರ ಬುಡದಲ್ಲಿನ ಹೂಗಿಡಗಳ ಮೇಲೆ ರೆಂಬೆ ಚಾಚಿ ನಿಲ್ಲುತ್ತದೆ. ಕೆಂಪು, ಹಸುರು, ಮಾಗಿದ ಹಳದಿ ಎಲೆಗಳ ಕೆಳಗೆ ಶರತ್ಕಾಲದ ಗಿಡಗಳು ಒತ್ತಾಗಿ ಹರಡಿವೆ, ಹಿಂದೆ ಕಡುನೀಲಿ ನೀರು. ಕ್ಯೂಜೋನ ಚೆರಿ ಹೂಗಳು ಸಿಂಪಿಯ ಚಿಪ್ಪಿನ ಪುಡಿಯನ್ನು ಸರೇಸಿನಲ್ಲಿ ಕಲಸಿ ಉಬ್ಬಿಸಿದವು. ಬೆಳಕು ಓರೆಯಾಗಿ ಬಿದ್ದರೆ ಒಂದೊಂದು ಎಸಳಿಗೂ ನೆರಳು ಮೂಡುತ್ತದೆ. ಸತ್ತ ಮಗುವಿನ ನೆನಪಿನ ಮನೆಗೆ ಚಿನ್ನ ಅಬ್ಬರವೆನಿಸದಂತೆ ಬಳಸಿದ್ದು ತಂದೆ ಮಗ ಇಬ್ಬರ ದೊಡ್ಡ ಸಾಧನೆ. ಈ ಚಿನ್ನವೂ ಮೂಚಿಯ ಮಂಜಿನ ಕೆಲಸವನ್ನೇ ಮಾಡುತ್ತದೆ: ದೂರವನ್ನು ಮುಚ್ಚುತ್ತದೆ, ಹತ್ತಿರದ್ದನ್ನು ಎತ್ತಿ ಕೊಡುತ್ತದೆ. 1593ರಲ್ಲಿ ಕ್ಯೂಜೋ ತೀರಿಕೊಂಡ, ಇಪ್ಪತ್ತೈದರ ಆಸುಪಾಸಿನಲ್ಲಿ.

ಪೈನ್ ಮರಗಳ ತೆರೆಗಳನ್ನು ಈ ಸಾವಿಗೆ ಜೋಡಿಸುವುದು ಇಲ್ಲಿಂದಲೇ. ಆರಾರು ಮಡಿಕೆಗಳ ಎರಡು ತೆರೆಗಳು. ಒಂದೊಂದೂ ಒಂದೂವರೆ ಮೀಟರ್ ಎತ್ತರ, ಮೂರೂವರೆ ಮೀಟರ್ ಅಗಲ. ಕಾಗದದ ಮೇಲೆ ಮಸಿ, ಬೇರೇನೂ ಇಲ್ಲ. ಹತ್ತಿರದಿಂದ ನೋಡಿದರೆ ಪೊರಕೆಯಂಥ ಒರಟು ಕುಂಚದಿಂದ ಸಿಟ್ಟಿನಲ್ಲೆಂಬಂತೆ ಎಳೆದ ಮೊನಚು ಗೀರುಗಳು. ಹತ್ತು ಹೆಜ್ಜೆ ಹಿಂದೆ ಸರಿದರೆ ಮಂಜು, ಗಾಳಿ, ವಾಲಿದ ಮರಗಳ ಗುಂಪು, ದೂರದಲ್ಲಿ ಅಳಿಸಿದಂತೆ ಕಾಣುವ ಹಿಮದ ಬೆಟ್ಟ. ಇದಕ್ಕಿಂತ ಕಡಿಮೆ ಮಸಿಯಲ್ಲಿ ಇಷ್ಟು ಅವಕಾಶ ತೆರೆದ ಚಿತ್ರ ಪೂರ್ವ ಏಷ್ಯಾದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಆದರೆ ಚಿತ್ರದ ಮೇಲೆ ತಾರೀಖಿಲ್ಲ. ಕಾಗದ ಉತ್ತಮ ದರ್ಜೆಯದಲ್ಲ, ಹಾಳೆಗಳ ಜೋಡಣೆ ಅಲ್ಲಲ್ಲಿ ಹೊಂದುವುದಿಲ್ಲ, ಒತ್ತಿರುವ ಮುದ್ರೆಗಳು ತೋಹಾಕುವಿನ ಬೇರೆ ಚಿತ್ರಗಳ ಮುದ್ರೆಗಳಿಗೆ ಸರಿಹೋಗುವುದಿಲ್ಲ. ಯಾವುದೋ ದೊಡ್ಡ ಗೋಡೆಚಿತ್ರಕ್ಕೆ ಮಾಡಿಕೊಂಡ ಕರಡನ್ನು ಮುಂದೆ ಯಾರೋ ತೆರೆಯಾಗಿ ಕಟ್ಟಿಸಿರಬಹುದೆಂದು ಅನೇಕ ವಿದ್ವಾಂಸರು ಊಹಿಸುವುದು ಇದರಿಂದಲೇ. ಹೀಗಿರುವಾಗ ಅದನ್ನು 1593ರ ಕಣ್ಣೀರಾಗಿ ಓದುವುದು ನೋಡುವವರ ಆಸೆಯೇ ಹೊರತು ಚಿತ್ರದೊಳಗಿನ ಪುರಾವೆಯಲ್ಲ. ಆ ಓದಿನಿಂದ ನಷ್ಟವೂ ಇದೆ. ಇಪ್ಪತ್ತು ವರ್ಷ ಮೂಚಿಯ ಮುಂದೆ ಕೂತು ಕಲಿತದ್ದು, ನೋಟೊ ಕರಾವಳಿಯ ಮಂಜು ಹೊದ್ದ ಪೈನ್ ಸಾಲುಗಳನ್ನು ಬಾಲ್ಯದಲ್ಲಿ ಕಂಡದ್ದು, ಸಾಂಗೆನ್-ಇನ್ ಬಾಗಿಲುಗಳಲ್ಲಿ ಪ್ರಯೋಗ ಮಾಡಿದ್ದು ಎಲ್ಲವೂ ಒಂದು ದುರಂತದ ಹಿಂದೆ ಮರೆಯಾಗಿಬಿಡುತ್ತವೆ. ಮಗನ ಸಾವು ಅವನನ್ನು ನುಗ್ಗುಮಾಡಿರಬೇಕು. ದುಃಖವೊಂದೇ ಇಂಥ ಕೈಯನ್ನು ಕೊಡುವುದಿಲ್ಲ.

ತೋಹಾಕು ಯೋಚಿಸುವ ಚಿತ್ರಕಾರನೂ ಹೌದು. 1592ರ ಸುಮಾರಿಗೆ ಅವನು ಆಡಿದ ಮಾತುಗಳನ್ನು ನಿತ್ಸೂ ಬರೆದಿಟ್ಟುಕೊಂಡ. 'ತೋಹಾಕು ಗಸೆತ್ಸು' ಎಂದು ಹೆಸರಾದ ಆ ಟಿಪ್ಪಣಿಗಳನ್ನು ಜಪಾನಿನ ಮೊದಲ ಚಿತ್ರಕಲಾ ವಿಚಾರಗ್ರಂಥವೆಂದು ಎಣಿಸುತ್ತಾರೆ. ಚೀನೀ ಗುರುಗಳ ವಿಮರ್ಶೆ, ಸಕಾಯ್ ಗೆಳೆಯರ ಬಳಿಯಿದ್ದ ಚಿತ್ರಗಳ ಮಾತು, ಚಿತ್ರಕಾರರ ವಂಶಾವಳಿ ಅದರಲ್ಲಿವೆ. ಅದೇ ದಶಕದಲ್ಲಿ ಅವನು ತನ್ನನ್ನು ಸೆಶ್ಶೂವಿನ ಐದನೆಯ ತಲೆಮಾರಿನವನೆಂದು ಕರೆದುಕೊಂಡು ಚಿತ್ರಗಳಿಗೆ ಸಹಿ ಹಾಕತೊಡಗಿದ. 15ನೆಯ ಶತಮಾನದ ಮಹಾಚಿತ್ರಕಾರ ಸೆಶ್ಶೂ, ಅವನ ಶಿಷ್ಯ ತೋಶುನ್, ಅಲ್ಲಿಂದ ಹಸೆಗಾವ ಮನೆಯ ಹಿರಿಯರು ಎಂದು ಆ ಪರಂಪರೆಯ ಲೆಕ್ಕ. ರಕ್ತದ ವಂಶವುಳ್ಳ ಕಾನೋಗಳ ಎದುರು ವಿದ್ಯೆಯ ವಂಶವನ್ನು ನಿಲ್ಲಿಸುವ ಜಾಣತನ ಇದು. ಪಶ್ಚಿಮದಲ್ಲಿ ಮೋರಿ ದೊರೆಗಳ ಆಶ್ರಯದಲ್ಲಿದ್ದ ಉಂಕೊಕು ತೋಗನ್ ಕೂಡ ಸೆಶ್ಶೂವಿನ ಉತ್ತರಾಧಿಕಾರ ತನ್ನದೆಂದ. ಕಾನೋ ಮನೆಯಲ್ಲಿ ಕಲಿತರೂ ಸ್ವಂತ ದಾರಿ ಹಿಡಿದ ಕೈಹೋ ಯೂಶೋ ಇನ್ನೊಬ್ಬ. ಅವನ ಮನೆತನ ನೊಬುನಾಗನ ಯುದ್ಧದಲ್ಲಿ ನಾಶವಾದಾಗ ಅವನು ಮಠದಲ್ಲಿದ್ದುದರಿಂದ ಉಳಿದವನು. ಮೂವರೂ ಯೋಧರ ಮನೆಗಳಲ್ಲಿ ಹುಟ್ಟಿದವರು, ಮೂವರೂ ಕತ್ತಿ ಬಿಟ್ಟು ಕುಂಚ ಹಿಡಿದವರು. ವ್ಯವಸ್ಥೆ ಒಡೆದಿದ್ದ ಕಾಲ ಇಂಥವರಿಗೆ ಎಡೆ ಮಾಡಿತು.

1599ರಲ್ಲಿ ಅವನು ಬುದ್ಧನ ಮಹಾಪರಿನಿರ್ವಾಣದ ಬೃಹತ್ ಚಿತ್ರ ಬರೆದು ಹೊನ್ಪೋಜಿಗೆ ಅರ್ಪಿಸಿದ. ಅಂಚುಬಟ್ಟೆಯೂ ಸೇರಿದಂತೆ ಅದರ ಎತ್ತರ ಸುಮಾರು 10 ಮೀಟರ್, ಅಗಲ 6 ಮೀಟರ್. ಹಿಂಬದಿಯಲ್ಲಿ ನಿಚಿರೆನ್ ಮೊದಲಾದ ಗುರುಗಳ ಹೆಸರುಗಳೊಂದಿಗೆ ಸಾಕುತಂದೆತಾಯಿಯರ ಮತ್ತು ಕ್ಯೂಜೋನ ಹೆಸರುಗಳನ್ನು ಬರೆದಿದೆ. ಮಗನ ಸಾವಿಗೆ ಅವನು ಹಿಡಿದ ಶೋಕದ ದಾಖಲೆ ಬೇಕೆನ್ನುವವರು ನೋಡಬೇಕಾದದ್ದು ಪೈನ್ ತೆರೆಗಳನ್ನಲ್ಲ, ಈ ಚಿತ್ರದ ಬೆನ್ನನ್ನು.

ಕೊನೆಯ ವರ್ಷಗಳಲ್ಲಿ ಗೌರವಗಳು ಬಂದವು: 1604ರಲ್ಲಿ ಹೊಕ್ಕ್ಯೋ, ಮರುವರ್ಷ ಅದಕ್ಕಿಂತ ಮೇಲಿನ ಹೋಗೆನ್ ಪದವಿ. 1610ರಲ್ಲಿ ತೊಕುಗಾವ ಇಎಯಾಸುವಿನ ಕರೆಯ ಮೇರೆಗೆ ಇಡೋಗೆ ಹೊರಟವನು ದಾರಿಯಲ್ಲೇ ಕಾಯಿಲೆಬಿದ್ದು, ಊರು ಸೇರಿದ ಎರಡು ದಿನಗಳಲ್ಲಿ ಸತ್ತ. ಮರುವರ್ಷ ಮಗ ಸೋತಕುವೂ ಸತ್ತ. ಹಸೆಗಾವ ಗುಂಪು ಮತ್ತೆ ಮೊದಲಿನ ಎತ್ತರಕ್ಕೆ ಏರಲಿಲ್ಲ. ಶಾಂತಿ ನೆಲೆಗೊಂಡ ಮೇಲೆ ಹೊಸ ಶೋಗನ್‌ಗಳಿಗೆ ವಂಶ, ದರ್ಜೆ, ಶಿಸ್ತು ಬೇಕಾಗಿದ್ದವು. ಆಸ್ಥಾನದ ಚಿತ್ರಕಲೆ ಕಾನೋಗಳ ಕೈಗೆ ಮರಳಿ 1868ರವರೆಗೆ ಅಲ್ಲೇ ಉಳಿಯಿತು.

ಪಾಳೆಯಗಾರರು ಬರೆಸಿದ ಚಿತ್ರಗಳಿಗೆ ಒದಗಿದ ಗತಿಯನ್ನೂ ನೋಡಬೇಕು. ಅಜುಚಿ 1582ರಲ್ಲಿ ಉರಿಯಿತು. ಹಿದೆಯೋಶಿಯ ಜುರಾಕುದೈ ಅರಮನೆಯನ್ನು 1595ರಲ್ಲಿ ಅವನೇ ಕೆಡವಿಸಿದ. ಒಸಾಕ ಕೋಟೆ 1615ರಲ್ಲಿ ತೊಯೊತೊಮಿ ಮನೆತನದ ಜೊತೆಗೇ ಸುಟ್ಟಿತು. ಐತೊಕು ಬದುಕಿನುದ್ದಕ್ಕೂ ಬರೆದ ಕೋಟೆಚಿತ್ರಗಳು ಹೀಗೆ ಹೋದವು. ಅವನ ಗೋಡೆಚಿತ್ರಗಳನ್ನು ಖಚಿತವಾಗಿ ನೋಡಬೇಕೆಂದರೆ ದೈತೊಕುಜಿಯ ಜುಕೋ-ಇನ್ ಉಪಮಠಕ್ಕೇ ಹೋಗಬೇಕು. ಶೋಉನ್ಜಿ 1615ರ ನಂತರ ಚಿಶಾಕು-ಇನ್ ಮಠಕ್ಕೆ ಸೇರಿತು. 1682ರ ಬೆಂಕಿಯಲ್ಲಿ ಕಟ್ಟಡ ಸುಟ್ಟಾಗ ಮೇಪಲ್ ಮತ್ತು ಚೆರಿ ಚಿತ್ರಗಳನ್ನು ಹೊರತಂದು ಉಳಿಸಲಾಯಿತು. ಈಗ ಅದೇ ಮಠದಲ್ಲಿ 2023ರಲ್ಲಿ ತೆರೆದ ಹೊಸ ನಿಧಿಭವನದಲ್ಲಿ ಅವು ಇವೆ. ಮಹಾಪರಿನಿರ್ವಾಣದ ಚಿತ್ರವನ್ನು ಹೊನ್ಪೋಜಿ ಪ್ರತಿ ವಸಂತದಲ್ಲೂ ಭಕ್ತರಿಗಾಗಿ ತೂಗುಹಾಕುತ್ತದೆ. ಪಾಳೆಯಗಾರರ ಕಾಲದ ಚಿತ್ರಕಲೆ ಇಂದು ನಮ್ಮ ಕಣ್ಣಿಗೆ ಬೀಳುತ್ತಿರುವುದು ಬಹುಪಾಲು ಸನ್ಯಾಸಿಗಳಿಂದ ಮತ್ತು ಪಟ್ಟಣಿಗರಿಂದ. ಅದರ ಶ್ರೇಯಸ್ಸು ಅವರಿಗೆ ಸಲ್ಲಬೇಕು.